ಬಾಗಿಲು ಮುಚ್ಚಿಕೊಂಡು ಕೇಳುವವರು ಬಾಯಿ ಬಿಡುವುದು ಎಲ್ಲಿ?

ಮುಚ್ಚಿದ ಬಾಗಿಲು

ಆರು ವರ್ಷಗಳಿಂದ ಸ್ವತಂತ್ರವಾಗಿ ಆಪ್ತಸಮಾಲೋಚನೆ ನಡೆಸುತ್ತಿದ್ದೇನೆ. ಒಂದು ಕೋಣೆ, ಎರಡು ಕುರ್ಚಿ, ವಾರಕ್ಕೆ 27 ಸೆಷನ್. ಹೋದ ವಾರ ಕ್ಲೈಂಟ್ ಒಬ್ಬರು ಬಂದು ಕುಳಿತ ಕೂಡಲೇ "ನಿಮ್ಮ ಅಕ್ಕನ ಶಸ್ತ್ರಚಿಕಿತ್ಸೆ ಹೇಗಾಯಿತು?" ಎಂದು ಕೇಳಿದೆ. ಅವರಿಗೆ ಅಕ್ಕನೇ ಇಲ್ಲ. ಅಕ್ಕ ಇರುವುದು ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕುಳಿತು ಎದ್ದುಹೋದವರಿಗೆ. ಇವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಚೆನ್ನಾಗಿಯೇ ಆಯಿತು" ಎಂದುಬಿಟ್ಟರು. ನನ್ನ ಮಾನ ಉಳಿಸಲು ಸುಳ್ಳು ಹೇಳಿದರು. ಆ ಸುಳ್ಳಿನ ಮೇಲೆಯೇ ನಾನು ಉಳಿದ ಐವತ್ತು ನಿಮಿಷ ದೂಡಿದೆ.

ಇದೊಂದೇ ಆಗಿದ್ದರೆ ಮರೆವು ಎಂದುಕೊಳ್ಳುತ್ತಿದ್ದೆ. ಯಾರಾದರೂ ಬರುವುದಿಲ್ಲ ಎಂದು ಸಂದೇಶ ಕಳುಹಿಸಿದರೆ ಈಗೀಗ ಹಬ್ಬದಂತೆ ಅನಿಸುತ್ತದೆ. ಎದುರಿನವರು ಅಳುತ್ತಿರುವಾಗ ಮನಸ್ಸಿನಲ್ಲಿ "ಇದನ್ನು ಹಿಂದೆಯೂ ಕೇಳಿದ್ದೇನೆ" ಎಂಬ ಧ್ವನಿ ಏಳುತ್ತದೆ. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಗೋಪ್ಯತೆ ಹೋಯಿತು, ಹೇಳದಿದ್ದರೆ "ಯಾಕೆ ಮುಖ ಊದಿಸಿಕೊಂಡಿದ್ದೀಯ" ಎಂಬ ಪ್ರಶ್ನೆ.

ಸಹೋದ್ಯೋಗಿಗಳ ಗುಂಪೊಂದಕ್ಕೆ ಎರಡು ವರ್ಷದ ಹಿಂದೆ ಸೇರಿದ್ದೆ. ನಾಲ್ಕನೆಯ ಸಭೆಯ ಹೊತ್ತಿಗೆ ಅಲ್ಲಿ ಉಳಿದದ್ದು ಶುಲ್ಕದ ಮಾತು, ಯಾರಿಗೆ ಎಷ್ಟು ಕ್ಲೈಂಟ್ ಎಂಬ ಲೆಕ್ಕ. ಎಲ್ಲರೂ ತಮ್ಮ ಗೆಲುವಿನ ಕೇಸುಗಳನ್ನೇ ಹೇಳುತ್ತಿದ್ದರು. ಹೊರಬರುವಾಗ ಒಳಹೋಗುವಾಗಿನದಕ್ಕಿಂತ ಹೆಚ್ಚು ಒಂಟಿ ಅನಿಸಿ ಬಿಟ್ಟುಬಿಟ್ಟೆ.

ನನ್ನ ಪ್ರಶ್ನೆ ಇಷ್ಟೇ: ಇಂಥ ಗುಂಪುಗಳಿಂದ ನಿಮಗೆ ನಿಜವಾಗಿ ಉಪಯೋಗವಾಗಿದೆಯೆ? ಆಗಿದ್ದರೆ ಅಲ್ಲಿ ಏನು ನಡೆಯುತ್ತದೆ? "ಧ್ಯಾನ ಮಾಡಿ, ಬಿಸಿನೀರಿನ ಸ್ನಾನ ಮಾಡಿ" ಎನ್ನುವವರು ದಯವಿಟ್ಟು ಮುಂದೆ ಹೋಗಿ.

ಐವತ್ತು ನಿಮಿಷ

ಬಿಸಿನೀರಿನ ಸ್ನಾನ ಎಂದು ಅರ್ಧ ಬರೆದಿದ್ದೆ. ಅಳಿಸಿದೆ.

ನಿತ್ಯ ರೌಂಡ್ಸ್

27ಕ್ಕೇ ಹೀಗೆಂದರೆ ನಾನು ಏನು ಹೇಳಲಿ? ಆಸ್ಪತ್ರೆಯೊಂದರಲ್ಲಿ ಸಂಬಳಕ್ಕಿದ್ದೇನೆ. ದಿನಕ್ಕೆ ಒಂಬತ್ತು ಜನ, ಕೆಲವೊಮ್ಮೆ ಹನ್ನೊಂದು. ನಡುವೆ ಟಿಪ್ಪಣಿ ಬರೆಯಲೂ ಬಿಡುವಿಲ್ಲ. ಹೋದ ವರ್ಷ ಇಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅವರ ಕ್ಲೈಂಟುಗಳು ಮಾತ್ರ ನಮ್ಮ ಪಟ್ಟಿಗೆ ಬಂದರು. ಆಮೇಲೆ ಆಡಳಿತದವರು "ಸಿಬ್ಬಂದಿಯ ಮನೋಬಲ ವೃದ್ಧಿ" ಎಂಬ ಅರ್ಧ ದಿನದ ಶಿಬಿರ ಇಟ್ಟರು. ಆ ಅರ್ಧ ದಿನದ ಸೆಷನ್‌ಗಳನ್ನು ಶನಿವಾರ ಸರಿದೂಗಿಸಬೇಕಾಯಿತು.

ಹಾಗಾಗಿ ಗುಂಪು, ಸಮುದಾಯ, ಪರಸ್ಪರ ಬೆಂಬಲ ಎಂಬ ಮಾತುಗಳು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹೊರೆ ಹೊರಿಸಿದವರು ಹೊರೆ ಇಳಿಸಲಿ. ಹೊತ್ತವರೆಲ್ಲ ಸೇರಿ ಒಬ್ಬರ ಬೆನ್ನು ಒಬ್ಬರು ನೀವಿಕೊಂಡರೆ ಹೊರೆ ಹಗುರವಾಗುತ್ತದೆಯೆ?

ಅಡಿಟಿಪ್ಪಣಿ

ನಿತ್ಯ ರೌಂಡ್ಸ್ ಅವರ ಕೋಪಕ್ಕೆ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-11ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಒಳಗೇ ಬರಿದಾಗುವುದನ್ನು, ಕಾಯಿಲೆ ಎಂದು ಪಟ್ಟಿ ಮಾಡಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದ್ದಾರೆ. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಯಲ್ಲಿದೆ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವಂಥದ್ದು ಎಂಬುದು ಅದರ ವಿವರಣೆ. ಅಂದರೆ ಇದು ನಿಮ್ಮ ವ್ಯಕ್ತಿತ್ವದ ಕೊರತೆ ಅಲ್ಲ, ನೀವು ಕುಳಿತ ಜಾಗದ ಸಮಸ್ಯೆ.

ಆದರೆ ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೇಲ್ ಲೈಟರ್ 1990ರ ದಶಕದಲ್ಲಿ ಬರ್ನ್‌ಔಟ್‌ನ ಮೂಲವನ್ನು ಆರು ಕಡೆ ಗುರುತಿಸಿದರು: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಸಮುದಾಯ, ನ್ಯಾಯ, ಮೌಲ್ಯ. ಹೊರೆ ಅವುಗಳಲ್ಲಿ ಒಂದು. ಸಮುದಾಯವೂ ಒಂದು. ಎರಡನ್ನೂ ಎತ್ತಿ ಕಟ್ಟಿ ಜಗಳ ಹಚ್ಚಬೇಕಾಗಿಲ್ಲ.

ನಿತ್ಯ ರೌಂಡ್ಸ್

ಜಗಳ ಹಚ್ಚಿದ್ದು ನಾನಲ್ಲ. ಆರರಲ್ಲಿ ಐದಕ್ಕೆ ದುಡ್ಡು ಬೇಕು, ಒಂದಕ್ಕೆ ಮಾತ್ರ ಬೇಡ. ಆಡಳಿತ ಯಾವುದನ್ನು ಆರಿಸುತ್ತದೆ ಎಂದು ಹೇಳಲು ಸಂಶೋಧನೆ ಬೇಕೆ?

ಐವತ್ತು ನಿಮಿಷ

ಈ ಮಾತನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಹಳೆಯ ಕುರ್ಚಿ

ಇಪ್ಪತ್ಮೂರು ವರ್ಷದಿಂದ ಇದೇ ಕೆಲಸದಲ್ಲಿರುವವನು. ಮೊದಲಿಗೆ ಪ್ರಶ್ನೆ ಕೇಳಿದವರಿಗೆ: ಮೇಡಂ, ನೀವು ಅಕ್ಕನ ವಿಷಯ ಇಲ್ಲಿ ಬರೆದಿದ್ದೀರಲ್ಲ, ಅದೇ ಅರ್ಧ ಕೆಲಸ. ನಮ್ಮಲ್ಲಿ ಅನೇಕರು ಆ ಅಕ್ಕನನ್ನು ಯಾರಿಗೂ ಹೇಳದೆ ನಿವೃತ್ತರಾಗುತ್ತಾರೆ.

ಬರ್ನ್‌ಔಟ್ ಎಂಬ ಮಾತನ್ನು ಈ ಅರ್ಥದಲ್ಲಿ ಚಲಾವಣೆಗೆ ತಂದವನೇ ನಮ್ಮವನು. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ನ್ಯೂಯಾರ್ಕಿನ ಮನೋವಿಜ್ಞಾನಿ. ಹಗಲೆಲ್ಲ ಸ್ವಂತ ಕ್ಲೈಂಟುಗಳನ್ನು ನೋಡಿ, ರಾತ್ರಿ ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕನಾಗಿ ದುಡಿಯುತ್ತಿದ್ದ. 1974ರಲ್ಲಿ ಬರೆದ ಲೇಖನದಲ್ಲಿ ಅವನು ವರ್ಣಿಸಿದ ಲಕ್ಷಣಗಳು ಪುಸ್ತಕದಿಂದ ಬಂದವಲ್ಲ, ಜೊತೆಗಿದ್ದ ಸ್ವಯಂಸೇವಕರನ್ನೂ ತನ್ನನ್ನೂ ನೋಡಿ ಬರೆದದ್ದು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಅವನು ಬುಡವನ್ನೇ ಬಗ್ಗಿ ನೋಡಿದ.

ಇನ್ನು ಗುಂಪಿನ ವಿಷಯ. ನಿಮ್ಮ ಗುಂಪು ಕೆಟ್ಟದ್ದಕ್ಕೆ ಸದಸ್ಯರು ಕಾರಣರಲ್ಲ ಎಂದು ನನ್ನ ಊಹೆ. ಅಲ್ಲಿ ಕ್ರಮವಿರಲಿಲ್ಲ. ಹರಟೆಗೆ ಕ್ರಮ ಬೇಡ, ಗುಂಪಿಗೆ ಬೇಕು. ಮೈಕೇಲ್ ಬಾಲಿಂಟ್ ಎಂಬ ಹಂಗೇರಿ ಮೂಲದ ಮನೋವಿಶ್ಲೇಷಕ 1950ರ ದಶಕದಲ್ಲಿ ಲಂಡನ್ನಿನಲ್ಲಿ, ಹೆಂಡತಿ ಎನಿಡ್ ಜೊತೆ, ಸಾಮಾನ್ಯ ವೈದ್ಯರನ್ನು ಕೂರಿಸಿಕೊಂಡು ಗುಂಪು ನಡೆಸುತ್ತಿದ್ದ. ಅದರ ಕ್ರಮ ಇಂದಿಗೂ ನಡೆಯುತ್ತಿದೆ. ಒಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯ ಬಗ್ಗೆ ಹೇಳುತ್ತಾರೆ, ಕಡತ ನೋಡದೆ, ನೆನಪಿನಿಂದ. ಉಳಿದವರು ವಿವರ ಬೇಕಿದ್ದರೆ ಕೇಳುತ್ತಾರೆ. ಆಮೇಲೆ ಹೇಳಿದವರು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡು ಬಾಯಿ ಮುಚ್ಚಿ ಕೂರುತ್ತಾರೆ. ಅವರು ಇಲ್ಲವೇ ಇಲ್ಲ ಎಂಬಂತೆ ಗುಂಪು ಆ ಸಂಬಂಧದ ಬಗ್ಗೆ ಮಾತನಾಡುತ್ತದೆ: ಆ ರೋಗಿಗೆ ಏನು ಅನಿಸಿರಬಹುದು, ಆ ವೈದ್ಯರಿಗೆ ಏನು ಅನಿಸಿರಬಹುದು ಎಂದು. ಸಲಹೆ ಕೊಡುವಂತಿಲ್ಲ.

ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಮೊದಲ ಸಲ ಹಾಗೆ ಕುಳಿತಾಗ ನನಗೆ ಕಣ್ಣಲ್ಲಿ ನೀರು ಬಂತು. ಹದಿನೈದು ನಿಮಿಷ ನನ್ನ ಕಷ್ಟದ ಬಗ್ಗೆ ಏಳು ಜನ ಯೋಚಿಸುತ್ತಿದ್ದಾರೆ, ನಾನು ಯಾರಿಗೂ ಏನೂ ಉತ್ತರ ಕೊಡಬೇಕಾಗಿಲ್ಲ! ದಿನವಿಡೀ ಬೇರೆಯವರಿಗಾಗಿ ನಾನು ಮಾಡುವ ಕೆಲಸವನ್ನು ಯಾರೋ ನನಗಾಗಿ ಮಾಡುತ್ತಿದ್ದರು.

ಹೊಸ ಚಿಗುರು

ನಾನಿನ್ನೂ ತರಬೇತಿಯಲ್ಲಿದ್ದೇನೆ. ಸರ್, ಇದಕ್ಕೂ ಸೂಪರ್‌ವಿಷನ್‌ಗೂ ಏನು ವ್ಯತ್ಯಾಸ? ನಮ್ಮ ಕೇಸುಗಳನ್ನು ಕೇಳಿ ಮಾರ್ಗದರ್ಶನ ಮಾಡಲು ನಮಗೆ ವಾರಕ್ಕೊಮ್ಮೆ ಸೂಪರ್‌ವೈಸರ್ ಇದ್ದಾರೆ. ಆದರೆ ಅಂಕ ಕೊಡುವವರೂ ಅವರೇ. "ಈ ಕ್ಲೈಂಟ್ ಬಂದರೆ ನನಗೆ ನಿದ್ದೆ ಬರುತ್ತದೆ" ಎಂದು ಅವರ ಮುಂದೆ ಹೇಳುವುದು ಹೇಗೆ?

ಹಳೆಯ ಕುರ್ಚಿ

ವ್ಯತ್ಯಾಸವನ್ನು ನೀವೇ ಹೇಳಿಬಿಟ್ಟಿರಿ.

ಅಡಿಟಿಪ್ಪಣಿ

ಹೊಸ ಚಿಗುರು ಅವರೇ, ಅಷ್ಟು ಬೇಗ ಸೂಪರ್‌ವಿಷನ್ ಅನ್ನು ಬದಿಗೆ ಸರಿಸಬೇಡಿ. ಬ್ರಿಟನ್ನಿನ ಆಪ್ತಸಮಾಲೋಚಕರ ಪ್ರಮುಖ ಸಂಘದಲ್ಲಿ ಮಾನ್ಯತೆ ಪಡೆದವರು ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಪಡೆಯಲೇಬೇಕು, ವೃತ್ತಿಯಲ್ಲಿ ಎಷ್ಟೇ ಹಳಬರಾಗಿದ್ದರೂ. ಅನೇಕ ಕಡೆ ಪರವಾನಗಿ ಸಿಕ್ಕ ಮೇಲೆ ಕೇಳುವವರೇ ಇಲ್ಲ. ಮುಚ್ಚಿದ ಬಾಗಿಲು ಅವರು ಆರು ವರ್ಷದಲ್ಲಿ ಎಷ್ಟು ಗಂಟೆ ಸೂಪರ್‌ವಿಷನ್ ಪಡೆದಿದ್ದಾರೆ ಎಂದು ಕೇಳಬಹುದೆ?

ನಿದ್ದೆಯ ವಿಷಯ: ಅದನ್ನು ಹೇಳಲೇಬೇಕು. ಬ್ರಿಟಿಷ್ ಮನೋವಿಶ್ಲೇಷಕ ವಿನಿಕಾಟ್ 1947ರಷ್ಟು ಹಿಂದೆಯೇ, ಚಿಕಿತ್ಸಕನಿಗೆ ರೋಗಿಯ ಮೇಲೆ ದ್ವೇಷವೂ ಹುಟ್ಟುತ್ತದೆ, ಅದನ್ನು ಅರಿಯದೆ ಇಟ್ಟುಕೊಂಡರೆ ಅಪಾಯ ಎಂದು ಸಹೋದ್ಯೋಗಿಗಳ ಸಭೆಯಲ್ಲಿ ಪ್ರಬಂಧ ಓದಿದ್ದರು. ದ್ವೇಷಕ್ಕೇ ಜಾಗವಿರುವಾಗ ನಿಮ್ಮ ನಿದ್ದೆಗೆ ಇಲ್ಲವೆ?

ಮುಚ್ಚಿದ ಬಾಗಿಲು

ಮೊದಲ ಎರಡು ವರ್ಷ ನಿಯಮಿತವಾಗಿ. ಆಮೇಲೆ "ತುರ್ತು ಇದ್ದಾಗ". ಆಮೇಲೆ ತುರ್ತು ಇದ್ದಾಗಲೂ ಇಲ್ಲ. ಬರೆಯುವಾಗ ನಾಚಿಕೆಯಾಗುತ್ತಿದೆ.

ಪದಕೋಶ

ವಿಷಯಾಂತರಕ್ಕೆ ಕ್ಷಮೆ ಇರಲಿ. ಬರ್ನ್‌ಔಟ್‌ಗೆ ಕನ್ನಡದಲ್ಲಿ ಏನನ್ನುತ್ತೀರಿ? "ಸುಟ್ಟುಹೋಗುವಿಕೆ" ಎಂದು ಒಂದು ಕಡೆ ಓದಿ ಅಗ್ನಿಶಾಮಕ ದಳದ ವರದಿ ಎಂದುಕೊಂಡೆ.

ಐವತ್ತು ನಿಮಿಷ

ಬಸವಳಿಕೆ.

ಹಳೆಯ ಕುರ್ಚಿ

ಬಸವಳಿಕೆ ಒಳ್ಳೆಯ ಪದ, ಆದರೆ ಅದು ದಣಿವಿನ ಹತ್ತಿರದ್ದು. ಬಸವಳಿದವನು ಮಲಗಿದರೆ ಏಳುತ್ತಾನೆ. ಇದು ಮಲಗಿ ಎದ್ದರೂ ಹೋಗುವುದಿಲ್ಲ. ನಾನು "ಬತ್ತುವಿಕೆ" ಎನ್ನುತ್ತೇನೆ. ಬಾವಿ ಬತ್ತಿದ ಹಾಗೆ.

ಪದಕೋಶ

ಬಾವಿಗಿಂತ ದೀಪ ಹೊಂದುತ್ತದೆ. ಎಣ್ಣೆ ಮುಗಿದ ಮೇಲೂ ದೀಪ ಸ್ವಲ್ಪ ಹೊತ್ತು ಉರಿಯುತ್ತದೆ, ಆಗ ಉರಿಯುವುದು ಬತ್ತಿ. ಹೊರಗಿನಿಂದ ನೋಡುವವರಿಗೆ ಬೆಳಕು ಹಾಗೆಯೇ ಕಾಣುತ್ತದೆ. ವಾಸನೆ ಬಂದಾಗಲೇ ಗೊತ್ತಾಗುವುದು.

ನಿತ್ಯ ರೌಂಡ್ಸ್

ನಮ್ಮ ವಿಭಾಗದಲ್ಲಿ ವಾಸನೆ ಬಂದು ಎರಡು ವರ್ಷವಾಯಿತು. ಕಿಟಕಿ ತೆರೆಯಲು ಹೇಳಿದರು.

ಅಡಿಟಿಪ್ಪಣಿ

ಪದದ ಚರ್ಚೆ ಚೆನ್ನಾಗಿದೆ, ಆದರೆ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಪಾತ್ರೆಗೆ ಸುರಿಯಬಾರದು. ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಮಾಪನಿಯಲ್ಲಿ ಬರ್ನ್‌ಔಟ್‌ಗೆ ಮೂರು ಮುಖ: ಭಾವನಾತ್ಮಕ ಬಳಲಿಕೆ, ಎದುರಿಗಿರುವವರನ್ನು ಮನುಷ್ಯರಂತೆ ಕಾಣದೆ "ಮುಂದಿನ ಕೇಸು" ಎಂದು ಕಾಣುವುದು, ನನ್ನಿಂದ ಏನೂ ಸಾಧ್ಯವಾಗುತ್ತಿಲ್ಲ ಎಂಬ ಭಾವ. ಮುಚ್ಚಿದ ಬಾಗಿಲು ಅವರ "ಇದನ್ನು ಹಿಂದೆಯೂ ಕೇಳಿದ್ದೇನೆ" ಎಂಬ ಧ್ವನಿ ಎರಡನೆಯದು.

ಇನ್ನೊಂದು, ಆಘಾತದ ಕಥೆಗಳನ್ನು ಕೇಳಿ ಕೇಳಿ ಕೇಳುಗನ ಲೋಕವೇ ಬದಲಾಗುವುದು. ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳನ್ನು ನೋಡುವವರಿಗೆ ತಮ್ಮ ಮಗುವನ್ನು ಯಾರ ಜೊತೆಯೂ ಬಿಡಲು ಭಯವಾಗತೊಡಗುತ್ತದಲ್ಲ, ಅದು. ಮೆಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲಿ ಅದಕ್ಕೆ "ವೈಕೇರಿಯಸ್ ಟ್ರಾಮಟೈಸೇಷನ್" (ಪರೋಕ್ಷ ಆಘಾತ) ಎಂಬ ಹೆಸರು ಕೊಟ್ಟರು. ಅದು ಕೆಲಸದ ಹೊರೆ ಕಡಿಮೆ ಇರುವವರಿಗೂ ಬರಬಹುದು. ಮೂರನೆಯದು ಖಿನ್ನತೆ. ರಜೆಯಲ್ಲೂ, ಕೆಲಸಕ್ಕೆ ಸಂಬಂಧವೇ ಇಲ್ಲದ ಕಡೆಯಲ್ಲೂ ಮನಸ್ಸು ಏಳದಿದ್ದರೆ ಗುಂಪಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಹೋಗಿ. ನಾವು ಕ್ಲೈಂಟುಗಳಿಗೆ ಹೇಳುವುದನ್ನೇ ನಮಗೆ ಹೇಳಿಕೊಳ್ಳುವುದಿಲ್ಲ.

ಬೆಟ್ಟದ ದಾರಿ

ನನ್ನ ಅನುಭವ ಹೇಳುತ್ತೇನೆ. ನಾನು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಮಾಡುವ ತಂಡದಲ್ಲಿದ್ದೇನೆ. ಮಾರ್ಷಾ ಲಿನೆಹನ್ ರೂಪಿಸಿದ ಈ ಚಿಕಿತ್ಸೆಯಲ್ಲಿ ಚಿಕಿತ್ಸಕರ ಸಮಾಲೋಚನಾ ತಂಡ ಎಂಬುದು ಇಷ್ಟವಿದ್ದವರು ಬರಬಹುದಾದ ಕೂಟವಲ್ಲ, ಚಿಕಿತ್ಸೆಯದೇ ಒಂದು ಅಂಗ. ತಂಡವಿಲ್ಲದೆ ಪೂರ್ಣ ಪ್ರಮಾಣದ ಡಿಬಿಟಿ ಇಲ್ಲ. ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವ, ಸಾವಿನ ಅಂಚಿನಲ್ಲಿರುವ ಜನರ ಜೊತೆ ಒಬ್ಬರೇ ಕುಳಿತು ವರ್ಷಗಟ್ಟಲೆ ಕೆಲಸ ಮಾಡಲು ಆಗುವುದಿಲ್ಲ ಎಂಬುದನ್ನು ವಿಧಾನದ ಒಳಗೇ ಒಪ್ಪಿಕೊಂಡಿದ್ದಾರೆ.

ನಮ್ಮ ತಂಡದಲ್ಲಿ ವಾರಕ್ಕೊಮ್ಮೆ ಕೂರುತ್ತೇವೆ, ಚಿಕ್ಕ ಗಂಟೆಯೊಂದಿದೆ. ಯಾರಾದರೂ ಕ್ಲೈಂಟ್ ಬಗ್ಗೆ ಹಗುರವಾಗಿ ಮಾತನಾಡಿದರೆ, ಅಥವಾ ತಮ್ಮನ್ನೇ ಹಳಿದುಕೊಳ್ಳತೊಡಗಿದರೆ ಗಂಟೆ ಬಾರಿಸುತ್ತೇವೆ. ಮೊದಲ ತಿಂಗಳು ನನಗೆ ಆ ಗಂಟೆಯನ್ನು ಕಿಟಕಿಯಿಂದ ಎಸೆಯಬೇಕು ಅನಿಸುತ್ತಿತ್ತು. ಈಗ ಮನೆಯಲ್ಲೂ ಒಂದು ಇಟ್ಟುಕೊಳ್ಳೋಣವೇ ಎಂದು ಯೋಚಿಸುತ್ತಿದ್ದೇನೆ.

ಐವತ್ತು ನಿಮಿಷ

ಮನೆಯಲ್ಲಿ ಬೇಡ. ನಾನು ಮನೆಯಲ್ಲಿ "ನಿಮಗೆ ಹಾಗೆ ಅನಿಸುತ್ತಿದೆ ಎಂದು ಕೇಳಿಸುತ್ತಿದೆ" ಎಂದದ್ದಕ್ಕೇ ಎರಡು ದಿನ ಮಾತು ನಿಂತಿತ್ತು.

ಎದುರು ಕುರ್ಚಿ

ನಾನು ಚಿಕಿತ್ಸಕನಲ್ಲ. ಚಿಕಿತ್ಸೆ ಪಡೆಯುವವನು. ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು. ಬೇಡವೆಂದರೆ ತೆಗೆದುಬಿಡಿ.

ನನ್ನನ್ನು ನೋಡುತ್ತಿದ್ದವರು ತುಂಬ ಒಳ್ಳೆಯವರು. ಎರಡನೆಯ ವರ್ಷ ಅವರ ಕಣ್ಣಿನ ಕೆಳಗೆ ಕಪ್ಪು ಕಾಣಿಸಿತು. ನಾನು ಹೇಳುವಾಗ ತಲೆಯಾಡಿಸುತ್ತಿದ್ದರು, ಆದರೆ ತಲೆ ಮಾತಿಗಿಂತ ಮುಂಚೆಯೇ ಆಡುತ್ತಿತ್ತು. ನನ್ನಂಥವರು ಮುಖ ಓದುವುದನ್ನು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ, ಬಹುಶಃ ಅದಕ್ಕಾಗಿಯೇ ನಿಮ್ಮ ಹತ್ತಿರ ಬಂದಿರುತ್ತೇವೆ. ಆಮೇಲೆ ನಾನು ಭಾರದ ಸಂಗತಿಗಳನ್ನು ಹೇಳುವುದನ್ನು ನಿಲ್ಲಿಸಿದೆ. ಹಗುರವಾದದ್ದನ್ನು ಆರಿಸಿ ತರುತ್ತಿದ್ದೆ. ಸೆಷನ್‌ಗೆ ಮುಂಚೆ ಹೊರಗೆ ಕುಳಿತು "ಇವತ್ತು ಅವರಿಗೆ ಸುಲಭವಾಗುವಂಥದ್ದು ಏನಿದೆ" ಎಂದು ಯೋಚಿಸುತ್ತಿದ್ದೆ. ಎಂಟು ತಿಂಗಳು ಹೀಗೆ ನಡೆಯಿತು. ಅವರು ನನ್ನ ಪ್ರಗತಿ ಚೆನ್ನಾಗಿದೆ ಎಂದರು.

"ಚೆನ್ನಾಗಿಯೇ ಆಯಿತು" ಎಂದ ಆ ಕ್ಲೈಂಟ್ ಬಗ್ಗೆ ಓದಿ ಇಷ್ಟು ಬರೆಯಬೇಕಾಯಿತು.

ಮುಚ್ಚಿದ ಬಾಗಿಲು

ತೆಗೆಯುವುದಿಲ್ಲ. ದಯವಿಟ್ಟು ಇರಲಿ. ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತೇನೆ.

ನಿತ್ಯ ರೌಂಡ್ಸ್

ಎದುರು ಕುರ್ಚಿ ಅವರೇ, ದಿನಕ್ಕೆ ಹನ್ನೊಂದು ಜನರನ್ನು ನೋಡುವ ನಾನು ಇದನ್ನು ಓದಿ ಮೊಬೈಲ್ ಕೆಳಗಿಟ್ಟೆ. ನನ್ನ ಪಟ್ಟಿಯಲ್ಲಿ "ಸುಧಾರಣೆ ಕಂಡಿದೆ" ಎಂದು ಬರೆದವರಲ್ಲಿ ಎಷ್ಟು ಜನ ನನ್ನನ್ನು ಸಾಕುತ್ತಿದ್ದಾರೋ.

ಹಳೆಯ ಕುರ್ಚಿ

ಫ್ರಾಯ್ಡ್ 1937ರಲ್ಲಿ, ಅಂದರೆ ಎಂಬತ್ತರ ವಯಸ್ಸಿನಲ್ಲಿ, ವಿಶ್ಲೇಷಕರೂ ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ವಿಶ್ಲೇಷಣೆಗೆ ಒಳಗಾಗಬೇಕು, ಹಾಗೆ ಹೋಗಲು ನಾಚಿಕೊಳ್ಳಬಾರದು ಎಂದು ಬರೆದಿದ್ದ. ಅವನ ಎಷ್ಟೋ ಮಾತುಗಳನ್ನು ನಾವು ಬಿಟ್ಟಿದ್ದೇವೆ, ಬಿಡಬೇಕಾದ್ದೇ. ಇದೊಂದನ್ನು ಬಿಡಬಾರದಿತ್ತು.

ಸಂಜೆಯ ನಡಿಗೆ

ನನಗೆ ಈ ಗುಂಪು, ತಂಡ ಯಾವುದೂ ಬೇಡ. ಸ್ನೇಹಿತೆಯೊಬ್ಬಳು ಇದೇ ವೃತ್ತಿಯಲ್ಲಿದ್ದಾಳೆ. ಸಂಜೆ ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಳ್ಳುತ್ತೇವೆ, ಮನಸ್ಸು ಹಗುರವಾಗುತ್ತದೆ. ಒಂದು ಮೊಬೈಲ್ ಗುಂಪೂ ಇದೆ, ಕಷ್ಟದ ಕೇಸು ಬಂದರೆ ಅಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಹತ್ತು ಸಲಹೆ ಬರುತ್ತದೆ. ಎಲ್ಲವನ್ನೂ ಇಷ್ಟು ಗಂಭೀರ ಮಾಡಬೇಕೆ?

ಅಡಿಟಿಪ್ಪಣಿ

ಮಾಡಬೇಕು. ಆ ಮೊಬೈಲ್ ಗುಂಪಿನಲ್ಲಿ ಎಷ್ಟು ಜನರಿದ್ದಾರೆ? ಅವರಲ್ಲಿ ಒಬ್ಬರು ನಿಮ್ಮ ಕ್ಲೈಂಟ್‌ನ ನೆರೆಯವರಲ್ಲ ಎಂದು ಹೇಗೆ ಗೊತ್ತು? ಹೆಸರು ತೆಗೆದರೆ ಗುರುತು ಹೋಗುವುದಿಲ್ಲ. "ನಲವತ್ತು ದಾಟಿದ, ಅವಳಿ ಮಕ್ಕಳಿರುವ, ವಿಮಾನ ಓಡಿಸುವ ಮಹಿಳೆ" ಎಂದರೆ ಹೆಸರು ಯಾಕೆ ಬೇಕು? ವಯಸ್ಸು, ವೃತ್ತಿ, ಬಂಧುಗಳು, ಘಟನೆಯ ಕ್ರಮ ಇವೆಲ್ಲವನ್ನೂ ಬದಲಿಸಬೇಕು. ಸೂಪರ್‌ವಿಷನ್ ಇಲ್ಲವೇ ಸಹೋದ್ಯೋಗಿಗಳ ಗುಂಪಿನಲ್ಲಿ ಚರ್ಚಿಸುವ ಸಾಧ್ಯತೆ ಇದೆ ಎಂಬುದನ್ನು ಮೊದಲ ಸೆಷನ್‌ನಲ್ಲೇ ಕ್ಲೈಂಟ್‌ಗೆ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಲಿಖಿತ ಸಂದೇಶವನ್ನು ಯಾರು ಯಾರಿಗೆ ಕಳುಹಿಸುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಸಂಜೆಯ ನಡಿಗೆ

ಪೊಲೀಸ್ ಠಾಣೆಗೆ ಬಂದ ಹಾಗಾಯಿತು.

ಬೆಟ್ಟದ ದಾರಿ

ಸ್ವರ ಸ್ವಲ್ಪ ಖಾರ, ಮಾತು ಸರಿ. ಸಂಜೆಯ ನಡಿಗೆ ಅವರೇ, ಇನ್ನೊಂದು ಸಂಗತಿ: ಹಗುರವಾಗುತ್ತದೆ ಎಂದಿರಲ್ಲ, ಭಾರ ಎಲ್ಲಿಗೆ ಹೋಗುತ್ತದೆ? ನಾನು ಹಾಗೆ ಪ್ರತಿ ಸಂಜೆ ಗೆಳೆಯನೊಬ್ಬನ ಕಿವಿಗೆ ಸುರಿಯುತ್ತಿದ್ದೆ. ಒಂದು ದಿನ ಅವನು "ನೀನು ಫೋನ್ ಮಾಡುವ ಹೊತ್ತಾದರೆ ನನಗೆ ಹೊಟ್ಟೆ ಕಿವುಚುತ್ತದೆ" ಎಂದ. ಈಗ ಮೊದಲು "ಕೇಳುವ ಸ್ಥಿತಿಯಲ್ಲಿದ್ದೀಯಾ?" ಎಂದು ಕೇಳಿ, ಘಟನೆಯ ವಿವರ ಬಿಟ್ಟು, ನನಗೆ ಏನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ. ಯಾರಿಗೆ ಯಾವ ರೀತಿ ಗಾಯವಾಯಿತು ಎಂಬ ಚಿತ್ರವನ್ನು ಅವನ ತಲೆಯೊಳಗೂ ಇಡುವುದರಿಂದ ನನಗೇನೂ ಲಾಭವಿಲ್ಲ.

ಸಂಜೆಯ ನಡಿಗೆ

ಇದನ್ನು ಯೋಚಿಸಿರಲಿಲ್ಲ. ಅವಳನ್ನು ಕೇಳಿ ನೋಡುತ್ತೇನೆ. (ಆ ಗುಂಪಿನಲ್ಲಿ ನೂರ ನಲವತ್ತು ಜನ ಇದ್ದಾರೆ. ಈಗಷ್ಟೇ ನೋಡಿದೆ.)

ಹೊಸ ಚಿಗುರು

ಗಡಿಯಾರವನ್ನು ಎಲ್ಲಿ ಇಡುತ್ತೀರಿ? ತುಂಬ ದಿನದಿಂದ ಕೇಳಬೇಕೆಂದಿದ್ದೆ. ನನ್ನ ಹಿಂದೆ ಇದ್ದರೆ ನನಗೆ ಕಾಣುವುದಿಲ್ಲ, ಅವರ ಹಿಂದೆ ಇದ್ದರೆ ನಾನು ಕದ್ದು ನೋಡುವುದು ಅವರಿಗೆ ಗೊತ್ತಾಗುತ್ತದೆ.

ಐವತ್ತು ನಿಮಿಷ

ಎರಡು ಗಡಿಯಾರ. ಅವರಿಗೊಂದು, ನನಗೊಂದು. ನನ್ನದು ಎರಡು ನಿಮಿಷ ಮುಂದೆ.

ಎದುರು ಕುರ್ಚಿ

ನಮಗೆ ಗೊತ್ತಾಗುತ್ತದೆ. ಯಾವಾಗಲೂ.

ನಿಶ್ಶಬ್ದ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ನಾನು ನೋಡುತ್ತಿದ್ದ ಒಬ್ಬರು ತೀರಿಕೊಂಡರು. ತಾವಾಗಿಯೇ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸುದ್ದಿ ಬಂದಾಗ ಬೆಳಗ್ಗೆ ಹತ್ತು ಗಂಟೆ, ಹತ್ತೂಕಾಲಿಗೆ ಇನ್ನೊಬ್ಬರ ಸೆಷನ್ ಇತ್ತು. ನಾನು ಹೋಗಿ ಕುಳಿತೆ. ಆ ದಿನ ಐದು ಸೆಷನ್ ಮಾಡಿದೆ. ಏನು ಕೇಳಿದೆ, ಏನು ಹೇಳಿದೆ, ಒಂದೂ ನೆನಪಿಲ್ಲ.

ಸಂಸ್ಥೆಯವರು ಮೊದಲು ಕೇಳಿದ್ದು ಟಿಪ್ಪಣಿಗಳು ಪೂರ್ಣವಾಗಿವೆಯೆ ಎಂದು. ಎರಡನೆಯದಾಗಿ ಅಪಾಯದ ಮೌಲ್ಯಮಾಪನದ ನಮೂನೆ ತುಂಬಿದ್ದೆನೆಯೆ ಎಂದು. ತುಂಬಿದ್ದೆ. ಅವರಿಗೆ ಸಮಾಧಾನವಾಯಿತು. ಅಲ್ಲಿಗೆ ನನ್ನ ಕೇಸು ಮುಗಿಯಿತು.

ನಾನು ಆಗ ಐದು ಜನರ ಒಂದು ಗುಂಪಿನಲ್ಲಿದ್ದೆ, ಹದಿನೈದು ದಿನಕ್ಕೊಮ್ಮೆ ಸೇರುತ್ತಿದ್ದೆವು. ಆ ದಿನ ಸಭೆ ಇರಲಿಲ್ಲ. ಒಬ್ಬರಿಗೆ ಫೋನ್ ಮಾಡಿ "ಒಬ್ಬರು ಹೋದರು" ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಸಂಜೆ ಬಂದು, ಎರಡು ಗಂಟೆ ಜೊತೆಗೆ ಕುಳಿತಿದ್ದರು. ಹೊರಡುವಾಗ, ಹನ್ನೊಂದು ವರ್ಷದ ಹಿಂದೆ ತಮಗೂ ಹೀಗಾಗಿತ್ತು ಎಂದರು. ಅಷ್ಟು ವರ್ಷ ಆ ಗುಂಪಿನಲ್ಲೂ ಹೇಳಿರಲಿಲ್ಲ.

ನಾನಿನ್ನೂ ಈ ಕೆಲಸದಲ್ಲಿದ್ದೇನೆ. ಆ ಎರಡು ಗಂಟೆ ಇಲ್ಲದಿದ್ದರೆ ಇರುತ್ತಿರಲಿಲ್ಲ. ನಿತ್ಯ ರೌಂಡ್ಸ್ ಅವರು ಹೇಳಿದ್ದು ನಿಜ, ಅದು ಹೊರೆಯನ್ನು ಇಳಿಸುವುದಿಲ್ಲ. ಆ ಸಂಜೆ ನನಗೆ ಹೊರೆ ಇಳಿಯಬೇಕಾಗಿರಲಿಲ್ಲ.

ನಿತ್ಯ ರೌಂಡ್ಸ್

ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ಮಾತು ಆಡಿದ್ದೆ ಎಂದು ಒಪ್ಪುತ್ತೇನೆ. ನಿಮ್ಮ ಆ ದಿನದ ಉಳಿದ ಸೆಷನ್‌ಗಳನ್ನು ರದ್ದು ಮಾಡಿ ಮನೆಗೆ ಕಳುಹಿಸಬೇಕಿತ್ತು. ಅದಕ್ಕೆ ಆಡಳಿತ ಬೇಕು. ಸಂಜೆ ಬಂದು ಕೂರಬೇಕಿತ್ತು. ಅದನ್ನು ಆಡಳಿತ ಮಾಡಿದ್ದರೆ ನೀವೇ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ.

ಅಡಿಟಿಪ್ಪಣಿ

ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆಯಲ್ಲಿ ಸ್ಪಷ್ಟವಾಗಿ ಇದೆ: ವೈಯಕ್ತಿಕ ತೊಂದರೆಯಿಂದ ಕೆಲಸ ಸರಿಯಾಗಿ ಮಾಡಲಾಗದು ಎಂದು ಗೊತ್ತಾದರೆ ವೃತ್ತಿಯ ಸಲಹೆ ಪಡೆದು, ಕೆಲಸವನ್ನು ಕಡಿಮೆ ಮಾಡಬೇಕೋ ತಾತ್ಕಾಲಿಕವಾಗಿ ನಿಲ್ಲಿಸಬೇಕೋ ತೀರ್ಮಾನಿಸಬೇಕು ಎಂದು. ತೊಂದರೆ ಏನೆಂದರೆ, ಅಂಥ ಹೊತ್ತಿನಲ್ಲಿ ಅದು ಗೊತ್ತಾಗುವ ಶಕ್ತಿಯೇ ಮೊದಲು ಹೋಗುತ್ತದೆ. ಹೊರಗಿನ ಕಣ್ಣು ಬೇಕಾಗುವುದು ಅದಕ್ಕೆ.

ನಿಶ್ಶಬ್ದ ಅವರೇ, ಬರೆದದ್ದಕ್ಕೆ ಧನ್ಯವಾದ. ಇದಕ್ಕೆ ತಿದ್ದುಪಡಿ ಏನೂ ಇಲ್ಲ.

ಐವತ್ತು ನಿಮಿಷ

ಅಡಿಟಿಪ್ಪಣಿಯವರು ತಿದ್ದುಪಡಿ ಇಲ್ಲ ಎಂದ ದಿನ ಇದು. ಗುರುತು ಹಾಕಿಕೊಳ್ಳಿ.

ಮುಚ್ಚಿದ ಬಾಗಿಲು

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಮೂರು ಕೆಲಸ ಮಾಡಿದ್ದೇನೆ. ವಾರಕ್ಕೆ 20ಕ್ಕಿಂತ ಹೆಚ್ಚು ಸೆಷನ್ ತೆಗೆದುಕೊಳ್ಳುವುದಿಲ್ಲ ಎಂದು ನಿರ್ಧರಿಸಿದೆ. ಹಣದ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು, ಆದರೂ. ಹೊಸಬರನ್ನು ಬೇರೆಯವರಿಗೆ ಕಳುಹಿಸುತ್ತಿದ್ದೇನೆ. ಹಳೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ವರ್ಷಗಟ್ಟಲೆ ಸುದ್ದಿಯಿಲ್ಲದವಳಿಗೆ ಬೈಯುತ್ತಾರೆ ಎಂದುಕೊಂಡಿದ್ದೆ, "ಗುರುವಾರ ಬನ್ನಿ" ಎಂದರು. ಅಷ್ಟೇ.

ಇನ್ನು ಗುಂಪು. ಇಲ್ಲಿಂದ ಯಾರಾದರೂ ಬರುತ್ತೀರಾ? ಐದಾರು ಜನ ಸಾಕು. ಹಳೆಯ ಕುರ್ಚಿ ಅವರು ಹೇಳಿದ ಕ್ರಮ ಇಟ್ಟುಕೊಳ್ಳೋಣ. ಶುಲ್ಕದ ಮಾತು ಎತ್ತಿದವರು ಮುಂದಿನ ಸಲ ಕೇಸು ಹೇಳಬೇಕು ಎಂಬ ದಂಡ.

ನಿತ್ಯ ರೌಂಡ್ಸ್

ಶನಿವಾರ ಬಿಟ್ಟು ಯಾವ ದಿನವಾದರೂ. ಶನಿವಾರ ಮನೋಬಲ ವೃದ್ಧಿಯ ಬಾಕಿ ತೀರಿಸಬೇಕು.

ಹಳೆಯ ಕುರ್ಚಿ

ಬರುತ್ತೇನೆ, ಆದರೆ ಮುಂದಾಳಾಗಿ ಅಲ್ಲ. ಮೊದಲ ಸಲ ನಾನೇ ಕೇಸು ಹೇಳುತ್ತೇನೆ. ಹಿರಿಯರು ಮೊದಲು ತಮ್ಮ ಸೋಲು ಹೇಳದಿದ್ದರೆ ಚಿಕ್ಕವರು ಗೆಲುವನ್ನೇ ಹೇಳುತ್ತಾ ಕೂರುತ್ತಾರೆ. ನಿಮ್ಮ ಹಿಂದಿನ ಗುಂಪಿನಲ್ಲಿ ಆದದ್ದು ಅದೇ ಇರಬೇಕು.

ಸಂಜೆಯ ನಡಿಗೆ

ನಾನೂ. ನೂರ ನಲವತ್ತು ಜನರ ಗುಂಪಿನಿಂದ ಹೊರಬಂದೆ. ಅಡಿಟಿಪ್ಪಣಿಯವರಿಗೆ ಖುಷಿಯಾಗಲಿ ಎಂದು ಹೇಳುತ್ತಿಲ್ಲ.

ಹೊಸ ಚಿಗುರು

ತರಬೇತಿಯಲ್ಲಿರುವವರು ಬರಬಹುದೆ? ಅಂಕ ಕೊಡುವವರು ಯಾರೂ ಇಲ್ಲ ತಾನೆ?

ನಿಶ್ಶಬ್ದ

ಬನ್ನಿ. ನಿಮ್ಮ ನಿದ್ದೆಯನ್ನೂ ತನ್ನಿ.

ಮುಚ್ಚಿದ ಬಾಗಿಲು

ಐದು ವಾರದ ನಂತರ, ಕೇಳಿದವರಿಗಾಗಿ. ಎರಡು ಸಭೆ ಆಯಿತು. ಒಳಗಿನದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರು ಸೆಷನ್‌ನ ಮಧ್ಯೆ ಗೊರಕೆ ಹೊಡೆದದ್ದನ್ನು ಹೇಳಿಕೊಂಡರು ಎಂಬುದನ್ನು ಅವರ ಒಪ್ಪಿಗೆ ಪಡೆದು ತಿಳಿಸುತ್ತಿದ್ದೇನೆ.

ಅಕ್ಕ ಇಲ್ಲದ ಕ್ಲೈಂಟ್‌ಗೆ ನಿಜ ಹೇಳಿದೆ. "ಆ ದಿನ ನಾನು ನಿಮ್ಮನ್ನು ಬೇರೆಯವರೊಂದಿಗೆ ಬೆರೆಸಿಬಿಟ್ಟೆ. ನೀವು ನನ್ನನ್ನು ಕಾಪಾಡಿದಿರಿ, ಅದು ನಿಮ್ಮ ಕೆಲಸವಾಗಿರಲಿಲ್ಲ" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು, ನೀವು ಕೇಳುತ್ತೀರಿ ಎಂದು ಆ ಅಕ್ಕನಿಗೆ ಒಂದು ಹೆಸರನ್ನೂ ಇಟ್ಟುಕೊಂಡು ಬಂದಿದ್ದೆ ಎಂದು. ಇಬ್ಬರೂ ನಕ್ಕೆವು. ಆಮೇಲೆ, ಅವರು ಯಾರು ಯಾರಿಗಾಗಿ ಹೀಗೆ ಹೊಂದಿಕೊಂಡು ಬಂದಿದ್ದಾರೆ ಎಂಬ ಪಟ್ಟಿ ಶುರುವಾಯಿತು. ಇನ್ನೂ ಮುಗಿದಿಲ್ಲ.

ಎದುರು ಕುರ್ಚಿ

ನಾನೂ ನನ್ನವರಿಗೆ ಆ ಎಂಟು ತಿಂಗಳ ವಿಷಯ ಹೇಳಿದೆ. ಅವರು ಟಿಪ್ಪಣಿಯ ಪುಸ್ತಕ ಮುಚ್ಚಿಟ್ಟರು.

ಅಡಿಟಿಪ್ಪಣಿ

ಸಂತೋಷ. ಆದರೆ ಮುಚ್ಚಿದ ಬಾಗಿಲು ಅವರೇ, ಒಂದು ಆಕ್ಷೇಪ. ಶಸ್ತ್ರಚಿಕಿತ್ಸೆಗೆ ಒಳಗಾದ ಅಕ್ಕ, ಅವರ ಬಂಧು, ಅವರ ನಂತರದ ಕ್ಲೈಂಟ್ ಇಷ್ಟೂ ವಿವರ ಇಲ್ಲಿದೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ?

ಮುಚ್ಚಿದ ಬಾಗಿಲು

ಮೊದಲ ದಿನವೇ ಬದಲಿಸಿ ಬರೆದಿದ್ದೆ. ಅದು ಅಕ್ಕನೂ ಅಲ್ಲ, ಶಸ್ತ್ರಚಿಕಿತ್ಸೆಯೂ ಅಲ್ಲ. ಅವರು ಕೊಟ್ಟ ಉತ್ತರವೂ ಅದಲ್ಲ.

ಐವತ್ತು ನಿಮಿಷ

ಹಾಗಾದರೆ ನಿಜವಾಗಿ ಏನು ಕೇಳಿದಿರಿ?

ಮುಚ್ಚಿದ ಬಾಗಿಲು

ಗುಂಪಿಗೆ ಬನ್ನಿ. ಅಲ್ಲೂ ಹೇಳುವುದಿಲ್ಲ.